ಮುಚ್ಚಳವಿಲ್ಲದ ಹಡಗು

ಕೊಟ್ಟೂರಿನ ಬಡಗಿ ಮೌನೇಶ ಸಮುದ್ರ ಕಂಡವನಲ್ಲ. ಅವನು ಕಂಡ ದೊಡ್ಡ ನೀರೆಂದರೆ ಮೈಲಾರದ ಹತ್ತಿರದ ಹೊಳೆ. ಅಂಥವನ ಕೈಯಲ್ಲಿ ಹಡಗು ಮಾಡಿಸಲು ಗಾದಿಲಿಂಗಪ್ಪನವರು ಹುಡುಕಿಕೊಂಡು ಬಂದದ್ದು ಎರಡು ಸಾವಿರದ ನಾಲ್ಕರಲ್ಲಿ, ಸಂಕ್ರಾಂತಿ ಕಳೆದ ಮೇಲೆ.

ಅವರು ಅಲ್ಲೇ ಹತ್ತಿರದ ಅರಸೀಕೆರೆಯವರು. ನೌಕಾಪಡೆಯಲ್ಲಿ ಮೂವತ್ತು ವರ್ಷ ಹಡಗುಗಳ ನಕ್ಷೆ ಬರೆದು ನಿವೃತ್ತರಾಗಿ ಬಂದವರು, ಮನೆಯಲ್ಲಿ ಕೂತು ತಮ್ಮದೇ ಒಂದನ್ನು ಬರೆದಿದ್ದರು. ಬೆನ್ನ ಮೇಲೆ ವಿಮಾನ ಹೊರುವ, ಅಣುಶಕ್ತಿಯಿಂದ ಓಡುವ ಹಡಗು. ದಿಲ್ಲಿಯ ಕಚೇರಿಯವರು ನೋಡುತ್ತೇವೆ ಎಂದಿದ್ದರಂತೆ. ತೋರಿಸಲು ಮೂರು ಮೊಳದ ಮರದ ಮಾದರಿ ಬೇಕಿತ್ತು.

“ಇದರ ಹೊಟ್ಯಾಗ ಒಂದು ಬೆಂಕಿ ಇರತೈತಿ ಮೌನೇಶ. ಒಮ್ಮಿ ಹೊತ್ತಿಸಿದ್ರ ಇಪ್ಪತ್ತು ವರ್ಷ ಆರಂಗಿಲ್ಲ. ಇದ್ದಿಲು ಬ್ಯಾಡ, ಎಣ್ಣಿ ಬ್ಯಾಡ.”

ಒಳಗಿನಿಂದ ಮೌನೇಶನ ಹೆಂಡತಿ ಜಂಬಕ್ಕ ಕೂಗಿದಳು: “ಹಂಗಾರ ಒಂದು ಕೆಂಡ ನಮ್ಮ ಒಲಿಗೂ ಕೊಡ್ರಿ ಸಾಹೇಬ್ರ. ಹಸಿ ಕಟಿಗಿ ಊದಿ ಊದಿ ಸಾಕಾಗೈತಿ.”

“ಆ ಕೆಂಡ ಒಲ್ಯಾಗ ಇಟ್ರ ಊರು ಉಳಿಯಂಗಿಲ್ಲ ತಾಯಿ,” ಎಂದು ನಕ್ಕರು. ಬಾಗಿಲಿಗೆ ಬಂದ ಅವಳ ತುಂಬಿದ ಹೊಟ್ಟೆ ಕಂಡು ಆ ನಗೆ ನಡುವೆಯೇ ನಿಂತಿತು.

ಜಂಬಕ್ಕನಿಗೆ ಆಗ ಏಳು ತಿಂಗಳು. ಹಿಂದೆ ಎರಡು ಸಲ ನಿಂತ ಬಸುರು ಉಳಿದಿರಲಿಲ್ಲ. ಇದು ಒಂಬತ್ತು ವರ್ಷ ಕಾದು ಪಡೆದದ್ದು.

ಹಳೆಯ ಬಾಗಿಲೊಂದರ ಸಾಗವಾನಿ ಕೊರೆದು ಮೌನೇಶ ಹಡಗು ಎಬ್ಬಿಸಿದ. ನಡುವೆ, ಬೆಂಕಿ ಇರಬೇಕಾದಲ್ಲಿ, ಗೇಣುದ್ದದ ಗೂಡು. ಅದಕ್ಕೊಂದು ಮುಚ್ಚಳ. ಎಲ್ಲ ಮುಗಿದು ಮುಚ್ಚಳವೊಂದೇ ಉಳಿದಾಗ ಅವನ ಕೈ ನಿಂತಿತು. ಹೆಂಡತಿ ಬಸುರಿದ್ದಾಗ ಬಡಗಿ ಖಾಲಿ ಗೂಡಿಗೆ ಮುಚ್ಚಳವಿಟ್ಟು ಮೊಳೆ ಹೊಡೆಯಬಾರದು. ಅವರ ಮನೆತನದಲ್ಲಿ ಅಪ್ಪ ಹೊಡೆದಿರಲಿಲ್ಲ, ಅಜ್ಜ ಹೊಡೆದಿರಲಿಲ್ಲ. ಹೊಟ್ಟೆಯೊಂದನ್ನು ಮಾಡಿದ ಮೇಲೆ ಅದು ಬರಿದಿರಲು ಒಪ್ಪುವುದಿಲ್ಲ, ಹತ್ತಿರದ ಜೀವವನ್ನು ಎಳೆದುಕೊಳ್ಳುತ್ತದೆ ಎನ್ನುತ್ತಿದ್ದರು.

“ನಾಳೆ ಮುಂಜಾನಿ ಟೆಂಪೋ ಬರತೈತಲೇ,” ಎಂದರು ಗಾದಿಲಿಂಗಪ್ಪ. “ಹೊಟ್ಟಿ ಬಿಚ್ಚಿದ ಹಡಗು ಒಯ್ದು ಏನಂತ ತೋರಿಸ್ಲಿ?”

ಮೌನೇಶ ಯೋಚಿಸಿದ. ಹಿರಿಯರು ಮೊಳಿ ಅಂದಾರ. ಸ್ಕ್ರೂ ಅಂದಿಲ್ಲ.

ಸಂಜೆಯೊಳಗೆ ನಾಲ್ಕು ಸ್ಕ್ರೂ ತಿರುವಿ ಮುಚ್ಚಿದ. ಸುತ್ತಿಗೆ ಮುಟ್ಟಲಿಲ್ಲ.

ಬೆಳಿಗ್ಗೆ ಜಂಬಕ್ಕ ಗೋಡೆಗೊರಗಿ ಕೂತಿದ್ದಳು. “ನಿನ್ನಿ ಸಂಜಿಯಿಂದ ಮಿಸುಕಿಲ್ರಿ,” ಎಂದಳು. ಅಳುತ್ತಿರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

ಸೂಲಗಿತ್ತಿ ಕೊಟ್ರಬಸಮ್ಮ ಬಂದು ಹೊಟ್ಟೆಗೆ ಕಿವಿಯಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. “ಜೀವ ಐತಿ. ಆದ್ರ ದೂರದಾಗ ಐತಿ. ನೀರಿನ ಸಪ್ಪಳ ಕೇಳತೈತಿ, ಬಾಳ ನೀರು.” ಆಮೇಲೆ ಮೌನೇಶನ ಕಡೆ ತಿರುಗಿದಳು. “ಏನು ಮುಚ್ಚೀಯೋ?”

“ಮೊಳಿ ಹೊಡದಿಲ್ಲ ಅತ್ತಿ. ಸ್ಕ್ರೂ—”

“ನಿನ್ನ ಶ್ಯಾಣ್ಯಾತನ ಕೂಸಿಗೇನು ಗೊತ್ತೋ ಹುಚ್ಚಪ್ಯಾಲಿ! ತಗಿ ಹೋಗು!”

ಅವನು ಕೆಲಸದ ಚಪ್ಪರಕ್ಕೆ ಓಡಿದ. ಹಡಗು ಇಟ್ಟಲ್ಲೇ ಇತ್ತು. ಅದರ ಕೆಳಮೈಗೆ ಸುತ್ತಲೂ ಬೆಳ್ಳಗೆ ಏನೋ ಕಟ್ಟಿತ್ತು. ಮೇಲಿನ ಅಂಚು ದಾರ ಹಿಡಿದು ಗೆರೆ ಹೊಡೆದಷ್ಟು ನೇರ. ಬೆರಳಲ್ಲಿ ಕೆರೆದು ನಾಲಿಗೆಗೆ ಇಟ್ಟ. ಉಪ್ಪು. ಮರ ಮುಟ್ಟಿದ. ಜ್ವರ ಬಂದ ಮೈಯಂತೆ ಬೆಚ್ಚಗಿತ್ತು.

ಮೂರು ಸ್ಕ್ರೂ ಬಂದವು. ನಾಲ್ಕನೆಯದು ಅಲುಗಲಿಲ್ಲ.

ಹೊರಗೆ ಟೆಂಪೋ ನಿಂತಿತು. “ಏ, ಏನು ಮಾಡಾಕತ್ತೀಯೋ!” ಎನ್ನುತ್ತ ಬಂದ ಗಾದಿಲಿಂಗಪ್ಪ ಅವನ ಕೈ ಹಿಡಿದರು.

“ಕೂಸು ಮಿಸುಕವಲ್ದು ಸಾಹೇಬ್ರ.”

“ಅದಕ್ಕೂ ಇದಕ್ಕೂ—” ಎಂದವರ ಕಣ್ಣು ಬಿಳಿಯ ಅಂಚಿನ ಮೇಲೆ ಬಿತ್ತು. ಬಗ್ಗಿ ನೋಡಿದರು. ಜೇಬಿನಿಂದ ಅಳತೆಪಟ್ಟಿ ತೆಗೆದು ಹಿಡಿದರು. “ಹಡಗು ನೀರಾಗ ಎಲ್ಲೀಮಟ ಮುಳುಗತೈತಿ ಅನ್ನೋ ಗೆರಿ ಇದು. ಇದು ಇರೋ ನಕ್ಷಿ ಹಾಳಿ ನಿನಗ ತೋರಿಸಿಲ್ಲ. ನನ್ನ ಟ್ರಂಕಿನಾಗ ಐತಿ.”

ಟೆಂಪೋದವನು ಹಾರನ್ ಹೊಡೆದ.

ಗಾದಿಲಿಂಗಪ್ಪ ಹಣೆಯ ವಿಭೂತಿ ಮುಟ್ಟಿಕೊಂಡು “ಶಿವನೇ” ಎಂದರು. ಸ್ಕ್ರೂಡ್ರೈವರ್ ತಾವೇ ಇಸಕೊಂಡು, ಮೈಭಾರವೆಲ್ಲ ಹಾಕಿ ತಿರುವಿದರು. ಮುಚ್ಚಳ ಎದ್ದಿತು. ಒಳಗಿನಿಂದ ತಣ್ಣನೆಯ ಉಸಿರೊಂದು ಬಂದು ಇಬ್ಬರ ಮುಖ ಸವರಿತು. ಗೂಡಿನ ತುಂಬ ನೀರಿತ್ತು, ಒಂದು ಅಲೆಯೂ ಇಲ್ಲದ ಕಪ್ಪು ನೀರು. ನೋಡುತ್ತಿದ್ದಂತೆ ಅದು ಇಳಿಯುತ್ತ ಹೋಗಿ ಒಣ ಮರ ಕಂಡಿತು.

ಮನೆಯೊಳಗಿಂದ ಜಂಬಕ್ಕ ಚೀರಿದಳು: “ಒದೀತು! ಅತ್ತಿ, ಒದೀತು!”

ಗಾದಿಲಿಂಗಪ್ಪ ಮುಚ್ಚಳವನ್ನು ಮೌನೇಶನ ಕೈಯಲ್ಲಿಟ್ಟರು. “ಆಕಿ ಹಡಿಯೋತನ ನಿನ್ನ ಹತ್ರ ಇರ್ಲಿ. ನಾನು ಹಿಂಗೇ ಒಯ್ತೀನಿ.”

ದಿಲ್ಲಿಯಲ್ಲಿ ಆ ಹಡಗು ಪಾಸಾಗಲಿಲ್ಲ. ಕೂಸು ಹುಟ್ಟಿದ ಮೇಲೆ ಮುಚ್ಚಳ ಕಳಿಸಲೇ ಎಂದು ಮೌನೇಶ ಬರೆಸಿದ ಕಾಗದಕ್ಕೆ ಉತ್ತರ ಬಂತು: “ಕಳಿಸಬೇಡ. ಹಡಗನ್ನು ದಿಲ್ಲಿಯಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ದಿನಾ ಉಪ್ಪು ಒರೆಸಬೇಕಂತೆ. ಯಾಕೆಂದು ನನ್ನನ್ನು ಕೇಳಿದರು. ನಾನು ಹೇಳಲಿಲ್ಲ.”

ಮೌನೇಶ ಆ ಮುಚ್ಚಳವನ್ನೇ ಅಡಿಹಲಗೆಯ ನಡುವೆ ಕೂಡಿಸಿ ಮಗಳಿಗೆ ತೊಟ್ಟಿಲು ಮಾಡಿದ. ತೊಟ್ಟಿಲಿಗೆ ಮುಚ್ಚಳವಿರುವುದಿಲ್ಲವಲ್ಲ ಎಂಬ ಧೈರ್ಯ ಅವನದು. ಬೇಸಿಗೆಯ ಮಧ್ಯಾಹ್ನ, ಬೇವಿನ ಎಲೆಯೊಂದೂ ಅಲುಗದಾಗ, ಆ ತೊಟ್ಟಿಲು ತಾನಾಗಿ ತೂಗುತ್ತಿತ್ತು. ಅಡ್ಡಡ್ಡ ಅಲ್ಲ. ಮೆಲ್ಲಗೆ ಏಳುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು. ಜಂಬಕ್ಕ ಮೊದಮೊದಲು ಅದನ್ನು ಹಿಡಿದು ನಿಲ್ಲಿಸುತ್ತಿದ್ದಳು. ನಿಲ್ಲಿಸಿದರೆ ಕೂಸು ಅಳುತ್ತದೆಂದು ಆಮೇಲೆ ಬಿಟ್ಟುಬಿಟ್ಟಳು.