ಅತ್ತೆ ಕಾವಲು ಕೂತ ಎಂಜಿನ್ನು

ಏರು ಹತ್ತುವಾಗ ಮಾವನ ಹಳೇ ಕಾರು ಬುಸುಗುಟ್ಟಿ ನಿಂತಿತು. ಮಾವ ಬಾನೆಟ್ ಎತ್ತಿದವರೇ, ಕೊತಕೊತ ಕುದಿಯುತ್ತಿದ್ದ ಎಂಜಿನ್ನಿಗೆ ಒಂದು ಹೂಜಿ ತಣ್ಣೀರು ಹುಯ್ದರು. ಠಣ್! ಆ ಸದ್ದು ಮೂರು ಊರಿಗೆ ಕೇಳಿಸಿತು. ನಾಲ್ಕನೆಯ ಊರಿನವರು ಕಿವುಡರಾದ್ದರಿಂದ ಬಚಾವಾದರು. ಎಂಜಿನ್ನಿನ ಒಡಲಾದ ಎರಕದ ಕಬ್ಬಿಣದ ಬ್ಲಾಕು ಪಕ್ಕೆಯಲ್ಲಿ ಗೇಣುದ್ದ ಬಿರಿದಿತ್ತು.

"ಬಾಯಾರಿದವರಿಗೆ ನೀರು ಕೊಡೋದು ತಪ್ಪೇನ್ರಿ, ಅಳಿಯಂದ್ರೆ?" ಎಂದರು ಮಾವ, ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಬಂದು.

ಅಳಿಯನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. "ಬಿರುಕು ತಾನೆ? ಬೆಸೆದು ಕೊಡ್ತೀನಿ ಬಿಡಿ. ಬಾಯಿ ಬಿಟ್ಟ ಮೊಸಳೆಗೇ ಬೆಸುಗೆ ಹಾಕಿರೋ ಕೈ ಇದು!"

"ಹಾಗಾದ್ರೆ ಮಾತಾಯ್ತು. ಒಂದು ಹನಿ ಸೋರಿದ್ರೂ ಗ್ಯಾರೇಜಿಗೆ ಬೀಗ. ಬಂದು ನನ್ನ ಗಾಜಿನ ಸಾಮಾನಿನ ಅಂಗಡೀಲಿ ಕೂತ್ಕೋಬೇಕು."

"ಓಹೋ, ಅದಕ್ಕೇನಂತೆ!" ಎಂದುಬಿಟ್ಟ ಅಳಿಯ. ಅಂದ ಮೇಲೆ ಆ ಅಂಗಡಿ ನೆನಪಾಯಿತು. ಹಿಂದೊಮ್ಮೆ ಅಲ್ಲಿ ಅವನು ಸೀನಿದ್ದಕ್ಕೇ ಹನ್ನೆರಡು ಲೋಟಗಳು ಪ್ರಾಣ ಬಿಟ್ಟಿದ್ದವು. ಅಲ್ಲಿ ಜೀವಮಾನವಿಡೀ ಉಸಿರು ಬಿಗಿಹಿಡಿದು ಕೂರುವುದೆಂದರೆ!

ಎಂಜಿನ್ ಬಿಚ್ಚಿ ಬರೀ ಬ್ಲಾಕನ್ನು ಹೊರಗೆಳೆದ. ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದ. ಒಳಗಿಳಿದಿದ್ದ ಎಣ್ಣೆ ಒಸರಿ, ಬಿರುಕು ಕಪ್ಪು ಗೆರೆಯಾಗಿ ತನ್ನ ಹುಟ್ಟು ಸಾವು ಎರಡನ್ನೂ ತೋರಿಸಿತು. ಅದು ಮುಂದೆ ಓಡದಂತೆ ಎರಡು ತುದಿಗೂ ಒಂದೊಂದು ತೂತು ಕೊರೆದ. ಇಡೀ ಬ್ಲಾಕನ್ನು ಇದ್ದಿಲ ಒಲೆಯಲ್ಲಿ ಕೆಂಪಗೆ ಕಾಯಿಸಿ, ಉಸಿರೆತ್ತದೆ ಬೆಸುಗೆ ಹಾಕಿದ. ಆಮೇಲೆ ದೊಡ್ಡ ಡ್ರಮ್ಮಿನಲ್ಲಿ ಬಿಸಿ ಬೂದಿಯೊಳಗೆ ಹೂತು, ತಗಡಿನ ಮುಚ್ಚಳ ಮುಚ್ಚಿದ.

"ಎರಡು ದಿನ ಯಾರೂ ಮುಟ್ಟೋ ಹಾಗಿಲ್ಲ. ತಾನಾಗೇ ಮೆಲ್ಲಗೆ ಆರ್ಬೇಕು. ಥಂಡಿ ತಾಗಿದ್ರೆ ಮತ್ತೆ ಬಿರಿಯುತ್ತೆ," ಎಂದು ಸಾರಿದ.

ಊಟದ ಡಬ್ಬಿ ತಂದಿದ್ದ ಅತ್ತೆ ಡ್ರಮ್ಮಿನ ಹತ್ತಿರ ಹೋದರು. ಚಳಿಗಾಲ, ಅವರ ಮಂಡಿಗಳೋ ತುಕ್ಕು ಹಿಡಿದ ಬಾಗಿಲ ಕೀಲುಗಳು. ಡ್ರಮ್ಮಿನ ಕಾವು ತಾಗಿದ್ದೇ, "ಅಯ್ಯಪ್ಪಾ, ಏನ್ ಸುಖ!" ಎಂದು ಸ್ಟೂಲು ಎಳೆದು ಕೂತರು. ಮನೆಯಿಂದ ಕಂಬಳಿ ತರಿಸಿ, ತಮಗೂ ಡ್ರಮ್ಮಿಗೂ ಸೇರಿಸಿ ಸುತ್ತಿಕೊಂಡರು. ಊಟದ ಡಬ್ಬಿಯನ್ನು ಅಲ್ಲೇ ಬಿಚ್ಚಿ ಖಾಲಿ ಮಾಡಿದರು. ಅದು ಅಳಿಯನ ಡಬ್ಬಿ.

ಸಂಜೆ ಮಾವ ಬಂದರು. ಕಂಕುಳಲ್ಲಿ ಅದೇ ಹೂಜಿ. ಮುಚ್ಚಳ ಮುಟ್ಟಿ ನೋಡಿ ಬೆರಳು ಊದಿಕೊಂಡರು. "ಇನ್ನೂ ಸುಡ್ತಿದೆಯಲ್ಲ! ಇದು ಆರೋದು ಯಾವಾಗ? ಒಂಚೂರು ನೀರು ಚಿಮುಕಿಸಿದ್ರೆ..."

ಅಳಿಯ ಇನ್ನೊಂದು ಕಾರಿನಡಿ ಅಂಗಾತ ಮಲಗಿದ್ದ, ಎದೆಯ ಮೇಲೆ ಗೇರ್‌ಬಾಕ್ಸು. ಏಳುವಂತಿಲ್ಲ. "ಬೇಡಿ ಮಾವಾ!" ಎಂದು ಕೂಗಿದ್ದು ಇಲಿ ಕಿಚುಗುಟ್ಟಿದಂತಿತ್ತು. ಹೂಜಿ ವಾಲಿತು.

"ರೀ!" ಕಂಬಳಿ ಗುಡುಗಿತು. "ಹತ್ತು ವರ್ಷಕ್ಕೆ ಇವತ್ತು ಮಂಡಿ ಮಡಿಚಿದೀನಿ. ಒಂದು ಹನಿ ಬಿದ್ರೂ ಆ ಹೂಜಿ ನಿಮ್ಮ ತಲೆ ಮೇಲೆ ಒಡೀತೀನಿ. ತಲೆಗೆ ಬೆಸುಗೆ ಹಾಕೋಕೆ ಅಳಿಯಂದ್ರಿಗೂ ಬರಲ್ಲ!"

ಬೆಚ್ಚಿದ ಮಾವ ಹೂಜಿಯನ್ನು ಕಾದ ಮುಚ್ಚಳದ ಮೇಲೇ ಕುಕ್ಕಿದರು. ಟಿಣ್ ಎಂದು ಸಣ್ಣ ಸದ್ದಾಯಿತು. ಅದನ್ನೆತ್ತಿಕೊಂಡು ತೆಪ್ಪಗೆ ನಡೆದರು. ಅತ್ತೆ ಎರಡು ದಿನ ಜಾಗ ಬಿಡಲಿಲ್ಲ.

ಬ್ಲಾಕು ತಣ್ಣಗಾಗಿ ಹೊರಬಂತು. ಅಳಿಯ ಎಂಜಿನ್ ಕಟ್ಟಿ, ನೀರು ತುಂಬಿ, ಅರ್ಧ ಗಂಟೆ ಓಡಿಸಿದ. ಮಾವ ನೆಲಕ್ಕೆ ಬಗ್ಗಿ ಕಾರಿನಡಿ ಇಣುಕಿದರು. "ಸೋರ್ತಿದೆ! ಹನಿ! ನೋಡ್ರೀ, ಇನ್ನೊಂದು!"

ಅಳಿಯನ ಕಣ್ಣ ಮುಂದೆ ಸಾಲುಸಾಲು ಲೋಟಗಳು. ಬಗ್ಗಿ ಹನಿಗೆ ಬೆರಳಿಟ್ಟ. ಮಂಜಿನಂತೆ ತಣ್ಣಗಿತ್ತು! ಕುದಿಯುವ ಎಂಜಿನ್ನಿಂದ ತಣ್ಣೀರು ಹೇಗೆ ಬಂದೀತು? ಮೆಲ್ಲಗೆ ತಲೆಯೆತ್ತಿದ. ಮಾವನ ಕಂಕುಳ ಹೂಜಿಯ ತಳದಲ್ಲಿ ಕೂದಲೆಳೆಯ ಬಿರುಕು, ತೊಟ್ ತೊಟ್ ಎನ್ನುತ್ತಿತ್ತು.

ಗ್ಯಾರೇಜಿಗೆಂದು ತಂದಿದ್ದ ಹೊಸ ಬೀಗವನ್ನು ಮಾವ ಸದ್ದಿಲ್ಲದೆ ಜೇಬಿಗಿಳಿಸಿದರು.

ಅತ್ತೆ ಮಾತ್ರ ಖಾಲಿ ಡ್ರಮ್ಮು ಸವರುತ್ತ ನಿಂತಿದ್ದರು. "ಅಳಿಯಂದ್ರೆ, ಬರೋ ಚಳಿಗೂ ಒಂದು ಬ್ಲಾಕು ಹೂತಿಡಿ. ಸಿಗ್ಲಿಲ್ಲ ಅಂದ್ರೆ ಚಿಂತೆ ಬೇಡ. ಒಂದು ಹೂಜಿ ನೀರು ಕೊಟ್ಟು ಇವರನ್ನ ಕಳಿಸ್ತೀನಿ."