ರಹಮೀಮ್ ಬೇಕಂತಲೇ ಹಾಡಿದ ತಪ್ಪು

ರಹಮೀಮನ ತಲೆಗೆ ಅನುಮಾನ ಹೊಕ್ಕಿತೆಂದರೆ ಮುಗಿಯಿತು, ಅವನಿಗೂ ನಿದ್ದೆಯಿಲ್ಲ, ಕಂಡವರಿಗೂ ನೆಮ್ಮದಿಯಿಲ್ಲ. ಈ ಸಲ ಸ್ವಂತ ತಮ್ಮನ ಮಗಳ ಮೇಲೆಯೇ. ಒಡೆಲಿಯಾ ಪಿಟೀಲು, ಪಿಯಾನೊ, ಜಾಜ್ ಡ್ರಮ್ಮು ಎಲ್ಲವನ್ನೂ ಬೆರೆಸಿ ಸಂಗೀತ ಕಟ್ಟುವವಳು. ಕಟ್ಟಲಿ, ಯಾರು ಬೇಡ ಅಂದರು? ಆದರೆ ಜೆರುಸಲೇಮಿನ ರೇಡಿಯೊದಲ್ಲಿ ಅವಳ ಕೃತಿಯ ನಡುವೆ ಆ ತಿರುವು ಕೇಳಿದಾಗ ಅವನ ಮೈಯೆಲ್ಲ ಉರಿಯಿತು. ಅವನಪ್ಪ ಸಿರಿಯಾದ ಅಲೆಪ್ಪೊದಿಂದ ತಂದಿದ್ದ ಪ್ರಾರ್ಥನೆ ಹಾಡಿನ ತಿರುವು ಅದು. ಹಾಡುತ್ತಿದ್ದದ್ದು ಅವನು ಪ್ರಾರ್ಥನೆ ಹಾಡಿಸುವ ಯೆಹೂದಿ ಮಂದಿರ, ಆ ಸಿನಗಾಗ್ ಒಂದರಲ್ಲೇ, ಅದೂ ಚಳಿಗಾಲದ ಶಬ್ಬತ್ತುಗಳಲ್ಲಿ, ಅಂದರೆ ಶನಿವಾರಗಳಲ್ಲಿ. ಶಬ್ಬತ್ತಿನ ದಿನ ಬರೆಯುವಂತಿಲ್ಲ, ಯಂತ್ರ ಮುಟ್ಟುವಂತಿಲ್ಲ. ಹಾಗಿದ್ದ ಮೇಲೆ ಇವಳಿಗೆ ಸಿಕ್ಕಿದ್ದು ಹೇಗೆ?

"ಹೆಂಗಸರ ಮಹಡೀಲಿ ಕೂತು ಫೋನಲ್ಲಿ ರೆಕಾರ್ಡ್ ಮಾಡಿ ಕದ್ದಿದ್ದೀಯ ತಾನೆ?"

"ಕಿವೀಲಿ ಕೇಳಿದ್ದು ದೊಡ್ಡಪ್ಪ. ಚಿಕ್ಕೋಳಿಂದ ಕೇಳ್ತಿದ್ದೀನಲ್ಲ."

"ಕಿವಿಯಂತೆ ಕಿವಿ! ನಂಗೇ ಕಲಿಯೋಕೆ ಎಷ್ಟು ವರ್ಷ ಹಿಡೀತು ಗೊತ್ತೇನೇ?"

ಅವಳು ಅದೇ ಹಾಡಿನ ಮೇಲೆ ಇನ್ನೂ ದೊಡ್ಡ ಕೃತಿ ಬರೆಯುತ್ತಿದ್ದಳು. ಅದಕ್ಕಾಗಿ ಮತ್ತೆ ಕದಿಯಲು ಬಂದೇ ಬರುತ್ತಾಳೆ ಎಂದು ರಹಮೀಮ್ ಬಲೆ ಬೀಸಿದ. ಚಳಿಗಾಲವಿಡೀ ಆ ತಿರುವನ್ನು ಬೇಕಂತಲೇ ತಪ್ಪಾಗಿ ಹಾಡಿದ. ಬಲ್ಲವಳಾದರೆ ತಪ್ಪನ್ನು ಬಿಡುತ್ತಾಳೆ, ಯಂತ್ರವಾದರೆ ಸಿಕ್ಕಿದ್ದನ್ನೇ ಕಕ್ಕುತ್ತದೆ. ಸಿಕ್ಕಿಬೀಳಲಿ, ಮತ್ತೆ ಸಿನಗಾಗಿನ ಮೆಟ್ಟಿಲು ಹತ್ತದ ಹಾಗೆ ಮಾಡುತ್ತೇನೆ ಅಂದುಕೊಂಡ.

ಅವಳ ಹೊಸ ಕೃತಿಯ ತಾಲೀಮಿಗೆ ಹೋಗಿ ಹಿಂದಿನ ಸಾಲಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತ. ಡ್ರಮ್ಮು ತಣ್ಣಗಾಯಿತು, ಕ್ಲಾರಿನೆಟ್ ಎದ್ದಿತು. ಅಪ್ಪನ ತಿರುವು! ಒಂದೆಳೆ ಆಚೀಚೆ ಇಲ್ಲ. ಅಯ್ಯೋ, ಹುಡುಗಿಯನ್ನು ಸುಮ್ಮನೆ ಗೋಳುಹೊಯ್ದುಕೊಂಡೆನಲ್ಲ ಎಂದು ನಾಚಿಕೆಯಾಗಿ, ಮಾತಾಡಿಸದೆ ಎದ್ದು ಬಂದ.

ಮುಂದಿನ ಶಬ್ಬತ್ತಿಗೆ ಸರಿಯಾಗಿ ಹಾಡಲು ಹೊರಟ. ಸಭೆಯೆಲ್ಲ ಗಂಟಲು ಬಿಚ್ಚಿ ತಪ್ಪನ್ನೇ ಹಾಡಿ ಅವನ ದನಿಯನ್ನು ಮುಚ್ಚಿಹಾಕಿತು.

"ಹಿಂಗಲ್ಲ ಕಣ್ರಯ್ಯ!"

"ನೀವೇ ಕಲಿಸಿದ್ದಲ್ವಾ ಗುರುಗಳೇ?" ಎಂದು ಮುದುಕರು ನಕ್ಕರು.

ಮನೆಗೆ ಬಂದು ಒಬ್ಬನೇ ಹಾಡಿ ನೋಡಿದ. ಗಂಟಲು ತಪ್ಪಿನ ಕಡೆಗೇ ಜಾರಿತು. ಮತ್ತೆ ಹಾಡಿದ, ಮತ್ತೆ ಜಾರಿತು. ಕ್ಲಾರಿನೆಟ್ಟನ್ನು ನೆನೆಸಿಕೊಳ್ಳಲು ನೋಡಿದ, ಬರಲಿಲ್ಲ.

ಭಾನುವಾರ ಒಡೆಲಿಯಾಳ ಬಾಗಿಲು ತಟ್ಟಿದ.

"ಅಪ್ಪನ ತಿರುವು ಮರೆತೋಯ್ತು ಮಗಳೇ. ಒಂದೇ ಸಲ ನುಡಿಸಿ ತೋರ್ಸು."

ಅವಳು ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. "ಚಳಿಗಾಲವೆಲ್ಲ ಬೇಕಂತ್ಲೇ ತಪ್ಪು ಹಾಡಿದ್ದು ನಂಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ರಾ? ಇದ್ಯಾವ ಹೊಸ ಪರೀಕ್ಷೆ?"

"ಪರೀಕ್ಷೆ ಅಲ್ಲ, ನಿಜವಾಗ್ಲೂ..."

"ನೀವು ಮರೀತೀರಾ? ಸಾಕು ದೊಡ್ಡಪ್ಪ, ಹೋಗಿ."

ಬಾಗಿಲು ಮುಚ್ಚಿತು. ಮುಚ್ಚಿದ ಬಾಗಿಲಿಗೇ ಅವನು ಹಾಡತೊಡಗಿದ, ತಪ್ಪು ತಪ್ಪಾಗಿ, ಅವಳು ನಂಬಲಿ ಎಂದು.