ಹರಿಯುವ ನೀರಿನ ನಿಯಮ

ಭಾನುವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಸಿದ್ದಲಿಂಗೇಶ ಕರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಸಿಂಧನೂರಿನ ಏಪ್ರಿಲ್ ಬಿಸಿಲಿಗೆ ಅವನ ಬೀಜದಂಗಡಿಯ ಮಾಳಿಗೆಯಲ್ಲಿ ಭತ್ತದ ಚೀಲಗಳೂ ಬೆವರುವಂತಿದ್ದವು. ಆದರೂ, ನಿಜಾಮರ ಕಾಲದಲ್ಲಿ ಅವನಜ್ಜ ಹೊಲಿಸಿದ ಆ ಕೋಟನ್ನು ಕುತ್ತಿಗೆಯವರೆಗೆ ಬಿಗಿಯದೆ ಅವನು ಆಟ ಆರಂಭಿಸಿದವನಲ್ಲ.

ಅದು ಮೇಜಿನ ಸುತ್ತ ಕುಳಿತು ಮಾತಿನಲ್ಲೇ ಆಡುವ ಆಟ. ನಾವು ಮೂವರು ಒಂದೊಂದು ರಕ್ತಪಿಶಾಚಿಯ ಪಾತ್ರವಾಗುತ್ತೇವೆ, ಅವನು ಲೋಕವನ್ನು ಕಟ್ಟಿ "ಏನ್ ಮಾಡ್ತಿ?" ಎನ್ನುತ್ತಾನೆ, ಸಂಶಯ ಬಂದಲ್ಲಿ ಹತ್ತು ಮುಖದ ದಾಳ ತೀರ್ಮಾನಿಸುತ್ತದೆ. ಮಸ್ಕಿಯ ಬಂಡೆಯ ಮೇಲೆ ಉಳಿಯೊಂದು ಶಾಸನ ಕೊರೆಯುತ್ತಿದ್ದ ಕಾಲದಿಂದ ಹೊರಟ ಕಥೆ, ಮುದಗಲ್ಲ ಕೋಟೆಯ ಮುತ್ತಿಗೆಗಳನ್ನೂ ನಿಜಾಮರ ಆಳ್ವಿಕೆಯನ್ನೂ ಹಾದು, ಒಂಬತ್ತು ವರ್ಷಗಳ ಭಾನುವಾರಗಳಲ್ಲಿ ನಮ್ಮ ಅಜ್ಜಂದಿರ ಕಾಲಕ್ಕೆ ಬಂದು ನಿಂತಿತ್ತು. ಕಥೆ ಹೇಳುವಾಗ ಅವನು ಚೀಲಗಳ ನಡುವೆ, ಕೆಸರುಗದ್ದೆಯ ಬದುವಿನ ಮೇಲೆ ನಡೆಯುವವನಂತೆ ಕಾಲು ಆನಿಸಿ ಆನಿಸಿ ನಡೆಯುತ್ತಿದ್ದ. ಕೋಟೆಯ ಗೋಡೆ ಎಷ್ಟು ಎತ್ತರವೆಂದು ಕೇಳಿದರೆ ಮೊಳದ ಲೆಕ್ಕ ಕೊಡುತ್ತಿದ್ದ. ನಾವು ಸುಮಾರು ಎಂದರೆ ಒಂದೇ ಮಾತು: "ಅಂದಾಜು ಬ್ಯಾಡ."

ಮೊದಲ ದಿನವೇ ಅವನು ಒಂದು ನಿಯಮ ಹಾಕಿದ್ದ: ಪಿಶಾಚಿ ಹರಿಯುವ ನೀರು ದಾಟುವಂತಿಲ್ಲ, ಸೇತುವೆಯಿದ್ದರೂ. ಆ ಒಣನೆಲದ ಪ್ರಾಚೀನ ಕಾಲದಲ್ಲಿ ಮೊದಮೊದಲು ಅದು ಯಾರಿಗೂ ಭಾರವೆನಿಸಲಿಲ್ಲ. ಕಾಲುವೆ ನೀರಿನ ಅನ್ನವುಂಡು ಬೆಳೆದ ನಮಗೆ, ಕಥೆಯಲ್ಲೂ ಒಂದು ದಿನ ಆ ಕಾಲುವೆ ಬರುತ್ತದೆಂಬುದು ಹೊಳೆಯಲೇ ಇಲ್ಲ, ಅವನಿಗೂ.

ಹಿಂದಿನ ವಾರ ಅದು ಬಂತು. ಔಷಧದಂಗಡಿ ನಡೆಸುವ ಮೆಹರಬಾನುವಿನ ಪಾತ್ರ, ಮಸ್ಕಿ ಗುಡ್ಡದ ಗುಹೆಯ ಮಣ್ಣಿನಲ್ಲಿ ಮಲಗುವವಳು, ಬೇಟೆಗೆಂದು ಗೊರೇಬಾಳಕ್ಕೆ ಹೋಗಿದ್ದಾಗ ಮರಳುವ ದಾರಿಗೆ ಅಡ್ಡಲಾದ ದೊಡ್ಡ ಕಾಲುವೆಗೆ ನೀರು ಬಿಟ್ಟರು. ಗುಹೆಗೆ ಮರಳದಿದ್ದರೆ ಅವಳು ವರ್ಷವರ್ಷಕ್ಕೂ ಸವೆದು, ಕಥೆ ಇಂದಿನ ದಿನಕ್ಕೆ ಮುಟ್ಟುವಷ್ಟರಲ್ಲಿ ಇಲ್ಲವಾಗುವಳು.

"ಎರಡು ಸಾವಿರ ವರ್ಷ ಬದುಕಿ ಕಾಲುವಿಗೆ ಸೋತಿ ನೋಡಬೇ," ಎಂದು ಲಿಂಗಸುಗೂರಿನ ಅನಿಲಕುಮಾರ ಕೆಣಕಿದ. "ಇನ್ನ ಗೊರೇಬಾಳದಾಗ ಭತ್ತ ನಾಟಿ ಮಾಡ್ಕೊಂಡಿರು."

ಅವಳು ನಗಲಿಲ್ಲ. "ಸಿದ್ದಣ್ಣ, ರೂಲ್ ನೀನ ಮಾಡಿದ್ದಲ್ಲ? ಒಂದ್ ಸಲ ಬಿಡು."

"ಮುದಗಲ್ಲದಾಗ ಅನಿಲನ ಹಳೇ ಪಾತ್ರ ಹಳ್ಳ ದಾಟಲಾರದ ಬೂದಿ ಆತಲ್ಲ. ಈಗ ಬಿಟ್ರ ಅದು ಸುಳ್ಳಾಕ್ಕೈತಿ," ಎಂದ ಸಿದ್ದಲಿಂಗೇಶ. ಹೇಳುವಾಗ ಅವನ ಮುಖ ಅವಳದಕ್ಕಿಂತ ಬಾಡಿತ್ತು.

ಈ ಭಾನುವಾರ ಅವನು ಬೇಸಿಗೆಯಿಂದ ಶುರುಮಾಡಿದ. ಬಿರಿದ ಕೆಸರು, ಅದರ ಮೇಲೆ ಕೊಕ್ಕರೆಯ ಹೆಜ್ಜೆಗಳು, ಬೆಳ್ದಿಂಗಳಲ್ಲಿ ಹೊಳೆಯುವ ಮೀನಿನ ಮೂಳೆ, ನಿದ್ದೆಯಲ್ಲಿ ಮಾತಾಡುವವನಂತೆ ಹೇಳಿ, "ಏನ್ ಮಾಡ್ತಿ?" ಎಂದ.

"ದಂಡಿ ಮ್ಯಾಲೆ ಕುಂದರ್ತೀನಿ," ಎಂದಳು ಮೆಹರಬಾನು.

ನನಗೆ ದಾರಿ ಹೊಳೆದಿತ್ತು, ಆದರೆ ಅವನ ಕಣ್ಣು ನನ್ನನ್ನು ಸುಮ್ಮನಿರಿಸಿತು. ಅವನು ಮುಂದಿನ ವರ್ಷದ ಬೇಸಿಗೆಯನ್ನು ಹೇಳಿದ, ಬೇರೆ ಗಾಳಿ, ಬೇರೆ ಚಂದ್ರ. ಅವಳು ಮತ್ತೆ ಕುಳಿತಳು. ಮೂರನೆಯ ಬೇಸಿಗೆಯಲ್ಲಿ, ಉಳಿದೊಂದು ಮಡುವಿನಲ್ಲಿ ಎಮ್ಮೆಗಳು ಮಲಗಿವೆ ಎಂದಾಗ ಅವಳು ತಲೆಯೆತ್ತಿದಳು.

"ತಡಿ ಸಿದ್ದಣ್ಣ. ಎಮ್ಮಿ ಕಾಲುವಿಯೊಳಗ ಮಲಗ್ಯಾವ? ಅಂದ್ರ ಹರಿಯೋ ನೀರು ಬಂದ್ ಆಗೇತಿ!"

"ಏನ್ ಮಾಡ್ತಿ?" ಅವನು ಚೀಲಗಳ ನಡುವೆ ನಡೆಯುವುದನ್ನು ನಿಲ್ಲಿಸಿದ.

"ದಾಟ್ತೀನಿ!"

ದಾಳ ಬೇಕಾಗಲಿಲ್ಲ. ಅವನು ಕೋಟಿನ ಮೇಲಿನ ಗುಂಡಿ ಬಿಚ್ಚಿ ಉಸಿರು ಬಿಟ್ಟ.

ಪ್ರೀತಿಗಾಗಿ ನಿಯಮ ಮುರಿಯುವವರು ಊರೂರಿಗೂ ಇದ್ದಾರೆ. ನಿಯಮದ ದಂಡೆಯಲ್ಲೇ ಕುಳಿತು, ನೀರಿಳಿಯುವ ಋತುವನ್ನು ಮತ್ತೆ ಮತ್ತೆ ನಮ್ಮೆದುರು ತಂದಿಟ್ಟು, ನಮ್ಮ ಕಣ್ಣಿಗೆ ಅದು ಕಾಣಲೆಂದು ಕಾಯುವವರು ವಿರಳ. ಅವರ ಕಾಠಿನ್ಯವನ್ನಷ್ಟೇ ಲೋಕ ನೋಡುತ್ತದೆ.

ಮೆಟ್ಟಿಲಿಳಿಯುವಾಗ ಕೇಳಿದೆ: "ಆಕಿಗೆ ಹೊಳೀದಿದ್ರ ಎಷ್ಟು ಬ್ಯಾಸಗಿ ಹೇಳ್ತಿದ್ದಿ?"

"ಈ ವರ್ಷದ ತನಕ ಎಷ್ಟದಾವ ಅಷ್ಟೂ."

"ಅಂದಾಜು?"

"ಅಂದಾಜು ಬ್ಯಾಡ," ಎಂದ, ಕೋಟನ್ನು ಮಡಚಿ ತೋಳಿಗೆ ಹಾಕಿಕೊಳ್ಳುತ್ತ. "ಅರವತ್ತಾರು."